ಅರ್ಧಕ್ಕ ನಿಂತ ಸ್ವರ

ಆ ಟಿವಿ ಬಂದ್ ಮಾಡ್ರಿ ಮೊದಲ. ಹಾಂ... ಈಗ ಹತ್ರ ಸರದು ಕುಂದರ್ರಿ, ನಾ ಜೋರಾಗಿ ಹೇಳಾಂವಲ್ಲ. ಇದು ಎಲ್ಲೋ ಕೇಳಿದ್ದಲ್ಲ. ಹಿಂದವಾಡ್ಯಾಗ ನಮ್ಮ ಬಾಜು ಮನಿ ಅನುಜಾ ಅದಾಳಲ್ಲ, ಆಕಿಗೆ ಆದದ್ದು.

ಅನುಜಾ ಅನಗೋಳದಾಗ ಒಂದು ರೆಕಾರ್ಡಿಂಗ್ ಖೋಲಿ ಇಟ್ಟಾಳ. ಅವತ್ತ ರಾತ್ರಿ ಕೆಲಸ ಮುಗಿಸಿ ಒಬ್ಬಾಕಿನ ನಡಕೋತ ಮನಿಗೆ ಬರಾಕತ್ತಿದ್ಲು. ದಾರ್ಯಾಗ ಒಂದು ಹಳೇ ಬಾವಿ ಐತಿ, ಮ್ಯಾಲ ಕಬ್ಬಿಣದ ಜಾಳಗಿ ಹಾಕ್ಯಾರ. ಅದರ ಬಾಜು ಬಂದ್ಲು... ನಿಂತ್ಲು. ಒಳಗಿಂದ ದನಿ. ಕಪ್ಪಿ ವಟಗುಟ್ಟಿದ್ದಲ್ಲ. ಪಾರಿವಾಳ ಗುಟರ್ ಅಂದದ್ದೂ ಅಲ್ಲ. "ಆ..." ಅಂತ, ಗಂಡಸಿನ ದನಿ, ಒಂದ ಸ್ವರ ಹಿಡದು ಎಳದಂಗ. ಅದು ಸಾವಕಾಶ ಮುಗೀಲಿಲ್ಲ. ಕತ್ತರಿಲೆ ಕತ್ತರಿಸಿದಂಗ ಫಟ್ಟನ ನಿಂತ್ತು.

ಆಕಿ ಹಿಂದ ನೋಡದಂಗ ಮನಿಗೆ ಓಡಿದ್ಲು. ಯಾಕಂದ್ರ ಆ ದನಿ ಆಕಿಗೆ ಗೊತ್ತಿತ್ತು. ಖಾನಾಪುರದ ಶಾಂತಿನಾಥ ಮಾಮಾರದು, ಆಕಿ ಅವ್ವನ ಅಣ್ಣ. ಹೋದ ಚಳಿಗಾಲದಾಗ ದಮ್ಮಿನಿಂದ ತೀರಿಕೊಂಡಿದ್ರು.

ಮಾಮಾರು ನಾಟಕಗೋಳಿಗೆ ಸಂಗೀತ ಕೂಡಿಸಿ ಕೊಡ್ತಿದ್ರು. ಮೊದಲ ಹಾರ್ಮೋನಿಯಂ ಪೇಟಿ, ಆಮ್ಯಾಲ ಕಂಪ್ಯೂಟರ್. ಅದರಾಗ ಸಿಂಥಸೈಜರ್ ಅಂತ ಒಂದು ಸಾಫ್ಟವೇರ್. ಯಾವ ವಾದ್ಯದ ದನಿ ಬೇಕೋ ಅದನ್ನ ಹುಟ್ಟಿಸ್ತೈತಿ. ಮಾಮಾರು ಅದರಾಗ ತಮ್ಮ ದನೀನೂ ತುಂಬಿದ್ರು... ಬರೇ "ಆ" ಅಂತ. ಯಾವ ಕೀ ಒತ್ತಿದ್ರೂ ಆ ಸ್ವರಕ್ಕ ಮಾಮಾರ "ಆ".

ಅವರು ಹೋದಮ್ಯಾಲ ಮಾಮಿ ಅಕ್ಕಾತಾಯಿ ಆ ಹಳೇ ಕಂಪ್ಯೂಟರ್ ಅನುಜಾನ ಕಡೆ ಕಳಿಸಿದ್ರು. "ಇವರು ಕಡೀಕ ಒಂದು ಧಾಟಿ ಮಾಡಿದ್ರವಾ. ಅಂಗಡಿ, ಹೊಲಿಗಿ ಅಂತ ನಾ ಕುಂತು ಕೇಳಲೇ ಇಲ್ಲ. ಒಮ್ಮೆ ಕೇಳಿಸ್ತೀಯೇನ?" ಅಂದ್ರು.

ಆದ್ರ ಆ ಸಾಫ್ಟವೇರ್ ಭಾಳ ಹಳೇದು, ಹೊಸ ಕಂಪ್ಯೂಟರ್ ಅದನ್ನ ಗುರ್ತಾ ಹಿಡಿಯೂದಿಲ್ಲ. ಅದಕ್ಕ ಎಮ್ಯುಲೇಟರ್ ಅಂತ ಹಾಕ್ತಾರ. ಅಂದ್ರ ಹೊಸ ಮಷೀನಿನ ಹೊಟ್ಟ್ಯಾಗ ಹಳೇ ಮಷೀನು ಇದ್ದಂಗ ನಾಟಕ ಮಾಡೂದು. ಒಳಗಿನ ಸಾಫ್ಟವೇರಿಗೆ ತಾ ಎಲ್ಲಿದೀನಿ ಅಂತ ಗೊತ್ತಾಗೂದಿಲ್ಲ. ಇನ್ನೂ ಆಗಿನ ಕಾಲನ ಐತಿ ಅಂತ ತಿಳ್ಕೊಂಡಿರ್ತೈತಿ. ಅನುಜಾ ಹಂಗ ಮಾಡಿದ್ಲು. ಮಾಮಾರ ಫೈಲು ಅಲ್ಲಲ್ಲಿ ಕೆಟ್ಟಿತ್ತು. ಎಷ್ಟೋ ಸಲ ಪ್ರಯತ್ನ ಮಾಡಿದಮ್ಯಾಲ ಅವತ್ತ ರಾತ್ರಿ ಒಮ್ಮೆ ತೆರೀತು. ಮುಚ್ಚಿದ್ರ ಮತ್ತ ತೆರೀತೈತಿ ಅನ್ನೂ ಖಾತ್ರಿ ಇಲ್ಲ. ಅಷ್ಟರಾಗ ಅವ್ವ ಊಟಕ್ಕ ಕರದು ಫೋನ್ ಮ್ಯಾಲ ಫೋನ್ ಮಾಡಾಕತ್ತಿದ್ಲು. ನಾಳೆ ರೆಕಾರ್ಡ್ ಮಾಡ್ಕೊಂತೀನಿ ಅಂತ, ಧಾಟಿ ನಡದಾಗನ ಇದ್ದದ್ದು ಇದ್ದಂಗ ನಿಲ್ಲಿಸೂ ಗುಂಡಿ ಒತ್ತಿ ಎದ್ದು ಬಂದ್ಲು.

ಎಳದ "ಆ..." ಅರ್ಧಕ್ಕ ನಿಂತ್ತು. ಆಮ್ಯಾಲ ದಾರ್ಯಾಗ ಬಾವಿಯೊಳಗಿಂದ ಕೇಳಿದ್ದು ಅದ.

ಮರುದಿನ ಮಧ್ಯಾಹ್ನ ಹೋದ್ಲು. ಹೊರಗ ಬಿಸಲು ಚುರುಗುಟ್ಟತಿತ್ತು. ಫೋನ್ ಹೊರಗಿನ ಟೇಬಲ್ ಮ್ಯಾಲ ಇಟ್ಟು ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು. ಆ ಖೋಲಿಗೆ ಕಿಡಕಿ ಇಲ್ಲ. ಗ್ವಾಡಿ ತುಂಬ ಫೋಮು, ಬಾಗಲಾಕ್ಕ ದಪ್ಪ ರಬ್ಬರು. ಒಳಗಿನ ದನಿ ಹೊರಗ ಹೋಗಬಾರದು, ಹೊರಗಿಂದು ಒಳಗ ಬರಬಾರದು.

ನಿಲ್ಲಿಸಿದ್ದನ್ನ ಮತ್ತ ಚಾಲೂ ಮಾಡಿದ್ಲು.

"...ಆ."

ಅದರ ಹಿಂದ ಇನ್ನೊಂದು ದನಿ. ಸುಂಯ್... ಸುಂಯ್... ದಮ್ಮಿನವರು ಉಸರು ಎಳದಂಗ. ಸಿಂಥಸೈಜರ್ ಉಸರು ಆಡೂದಿಲ್ಲರೀ.

ಗಡಬಡಿಸಿ ಎದ್ದ್ಲು. ಬಾಗಲಾ ಹಿಡಿಕಿ ತಿರುವಿದ್ಲು. ಅದು ಸುಮ್ಮನ ಗರಗರ ತಿರಗತಿತ್ತು, ಬಾಗಲಾ ಅಲಗಲಿಲ್ಲ. ಬಡದ್ಲು. ಧಪ್... ಧಪ್... ರಬ್ಬರು ಆ ಸಪ್ಪಳಾನ ನುಂಗತಿತ್ತು. "ಯಾರರ ಅದೀರೇನ್ರಿ!" ಅಂತ ಚೀರಿದ್ಲು. ತನ್ನ ಚೀರೂದು ತನ್ನ ಬಾಯಿ ಮುಂದನ ಸತ್ತು ಹೋತು. ಅಂಥಾ ಖೋಲಿ ಬೇಕಂತ ತಾನ ಮುಂದ ನಿಂತು ಮಾಡಿಸಿದ್ಲು.

ಸ್ಪೀಕರಿನ ವೈರು ಕಿತ್ತ್ಲು. ದನಿ ನಿಂತ್ತು... ಇಲ್ಲ. ಟೇಬಲ್ ಮ್ಯಾಲ ಬಿದ್ದಿದ್ದ ಹೆಡ್‌ಫೋನಿನ್ಯಾಗ ಸಣ್ಣಗ, ಸುಂಯ್... ಸುಂಯ್...

ಕಿವಿಗೆ ಹಚ್ಕೊಂಡ್ಲು.

"ಮಾಮಾ?"

ಉಸರು ನಿಂತ್ತು.

"ಅನೂ... ಬಾಗಲಾ ತಗಿಯವಾ."

"ನಂಗೂ ತಗಿಯಾಕ ಬರವಲ್ದು ಮಾಮಾ... ಎಲ್ಲಿದ್ದೀರಿ?"

"ಗೊತ್ತಿಲ್ಲ. ಭಾಳ ಇಕ್ಕಟ್ಟ ಐತಿ. ಉಸರು ಬಿಡಾಕ ಆಗವಲ್ದು."

ಆಗ ಆಕಿಗೆ ತಿಳೀತು. ಹೋದಾವರ ಉಸರು ಇಡೀ ರಾತ್ರಿ ಅರ್ಧಕ್ಕ ಹಿಡದು ಇಟ್ಟಾಕಿ ತಾನ.

ಫೈಲು ಮುಚ್ಚಾಕ ಹೋದ್ಲು. ಹಳೇ ಸಾಫ್ಟವೇರ್ ಕೇಳ್ತು, ಉಳಸಲೇನ, ಬ್ಯಾಡೇನ? ಅನುಜಾಗ ಮಾಮಿ ಮಾರಿ ಕಣ್ಣ ಮುಂದ ಬಂತು. ಬ್ಯಾಡಂದ್ರ ಧಾಟಿ ಹೋತು, ಮತ್ತ ಸಿಗೂದಿಲ್ಲ. ಉಳಸು ಅಂತ ಒತ್ತಿದ್ಲು.

ಅದು ಮುಚ್ಚಲಿಲ್ಲ. "ಆ..." ಅಂತ ಮತ್ತ ಬಂತು, ಈ ಸಲ ಕೊಡದಾಗ ಮಾರಿ ಹಾಕಿ ಅಂದಂಗ. ಆಕಿಗೂ ಉಸರು ಕಟ್ಟಾಕತ್ತು. ಬಾಗಲಾದ ಕಡೆ ತೆವಳಿದ್ಲು. ಹಿಡಿಕಿ ಗರಗರ... ಗರಗರ...

ತಿರುಗಿ ಬಂದ್ಲು. ಪರದಿ ಮ್ಯಾಲ ಅದ ಪ್ರಶ್ನಿ ನಿಂತಿತ್ತು.

"ಮಾಮಾ... ಮಾಮಿ ಕೇಳ್ಯಾರ. ಅವರಿಗೆ ಏನ ಹೇಳಲಿ?"

ಮಾಮಾರ ದನಿ ಸಣ್ಣಗ ಬಂತು,

"ನಾ ಹೇಳ್ತೀನಿ. ಬಿಡವಾ."

ಅಳಕೋತ ಬ್ಯಾಡ ಅಂತ ಒತ್ತಿದ್ಲು.

ಪರದಿ ಕರ್ರಗಾತು. ಹೆಡ್‌ಫೋನಿನ್ಯಾಗ ಉದ್ದಕ್ಕ ಒಂದು ಉಸರು... ಹೂಂ... ಅಂತ ಬಿಟ್ಟಂಗ. ಹಿಂದಿಂದ ಕಟಕ್. ಬಾಗಲಾ ತಾನ ಒಂದು ಬೆರಳಷ್ಟು ಸರದಿತ್ತು. ಸಂದಿಯಾಗಿಂದ ಬಿಸಲು ಒಳಗ ಬಂತು.

ಹೊರಗಿನ ಟೇಬಲ್ ಮ್ಯಾಲಿನ ಫೋನ್ ಎತ್ಕೊಂಡು ಅಲ್ಲಿಂದ ಓಡಕೋತ ಬಂದ್ಲು. ಮನಿಗೆ ಹೋಗಲಿಲ್ಲ, ನಮ್ಮ ಕಟ್ಟಿ ಮ್ಯಾಲ ಬಂದು ಕುಂತ್ಲು. ನನ್ನ ಹೆಂಡತಿ ನೇತ್ರಾ ನೀರು ಕೊಟ್ಲು. ಎಲ್ಲಾ ಹೇಳಿದ್ಲು, ಆಮ್ಯಾಲ ಮಾಮಿಗೆ ಫೋನ್ ಮಾಡಿದ್ಲು. ನೇತ್ರಾನೂ ಕೇಳ್ಲಿ ಅಂತ ಸ್ಪೀಕರ್ ಹಾಕಿ ಕಟ್ಟಿ ಮ್ಯಾಲ ಇಟ್ಟ್ಲು. ಅದಕ್ಕ ನಾನೂ ಕೇಳಿದ್ನಿ.

"ಮಾಮಿ, ಧಾಟಿ ಹೋತ್ರಿ..." ಅಂದ್ಲು.

ಮಾಮಿ ಬೈಲಿಲ್ಲ. ಅವರ ಅಂಗಡ್ಯಾಗಿನ ಹೊಲಿಗಿ ಮಷೀನಿನ ಸಪ್ಪಳ ನಿಂತಿತ್ತು. "ಇರಲಿ ಬಿಡು ಅನೂ," ಅಂದ್ರು. "ಈಗ ಇಲ್ಲಿ ಯಾರೋ ಬಾಗಲಾದಾಗ ನಿಂತಂಗಾತು. ಎದ್ದು ನೋಡಿದ್ನಿ, ಯಾರೂ ಇಲ್ಲ. ಬೀದಿ ನಾಯಿ ಒಂದು ಬಾಲಾ ಅಲ್ಲಾಡಿಸಕೋತ, ತಲಿ ಮ್ಯಾಲೆತ್ತಿ ಯಾರದೋ ಮಾರಿ ನೋಡಕೋತ, ರಸ್ತಾ ತಿರುವಿನ ತನಕ ಬಾಜುಬಾಜು ನಡದು ಹೋತು... ಅಲ್ಲಿ ನಿಂತು, ನಾಯಿ ಅಷ್ಟ ತಿರುಗಿ ಬಂತು."

ಖರೇ ಹೇಳ್ತೀನ್ರಿ. ಈ ಎರಡು ಕಿವಿಲೆ ಕೇಳೀನಿ.