ಮಾತ್ರೆ ಫಾಯಿಲಿನ ಕೊಕ್ಕರೆ

...ಮುಟ್ಬೇಡ ಅಪ್ಪ, ಅಂಟು ಇನ್ನೂ ಹಸಿ ಇದೆ. ಪಾಸ್ ಕೊಟ್ಟಿದ್ದು ಅಮ್ಮಂಗೆ, ಸ್ಟೇಜ್ ಹಿಂದೆ ನೀನ್ ಬಂದು ನಿಂತಿದೀಯ. ಇರ್ಲಿ, ಬಂದಿದೀಯ, ನೋಡು. ಕೊಕ್ಕರೆ. ಈ ಊರಿನ ನ್ಯಾಯೊ ಸ್ಟೇಡಿಯಂ ಹತ್ರ ಮರದ ಮೇಲೆ ಕೂತಿರತ್ತಲ್ಲ, ಕಸ ತಿನ್ಕೊಂಡು, ಬೋಳು ತಲೆ... ನಿನ್ನ ನೋಡಿ ಬಂದ ಐಡಿಯಾ ಅಲ್ಲಪ್ಪ, ಹಂಗ್ ನೋಡ್ಬೇಡ.

ಒಳಗಿರೋಳು ವಾಂಜಿಕು, ಈ ದೇಶದ ಹುಡುಗಿ, ಮಾಡೆಲ್. ಕನ್ನಡ ಬರಲ್ಲ. ಬೈಯೋದಿದ್ರೆ ಆರಾಮಾಗಿ ಬೈ.



ಇಪ್ಪತ್ಮೂರು ದೇಶದೋರು ಬಂದಿದಾರೆ ಈ ಕಾಂಪಿಟಿಷನ್‌ಗೆ. ಇದು ಫ್ಯಾಷನ್ ಅಲ್ಲ, ಮೈಮೇಲೆ ಹಾಕ್ಕೊಂಡು ನಡೆಯೋ ಶಿಲ್ಪ ಅನ್ಕೋ. ಗೆದ್ದೋರಿಗೆ ಒಂದು ವರ್ಷ ಲಿಸ್ಬನ್‌ನಲ್ಲಿ ಸ್ಟುಡಿಯೋ. ಡಿಗ್ರಿ ಕೇಳಲ್ಲ. ಇಂಜಿನಿಯರಿಂಗ್ ಬಿಟ್ಟೆ, ಡ್ರಮ್ಸ್ ಬಿಟ್ಟೆ, ನಿನ್ನ ಮಾತ್ರೆ ಫ್ಯಾಕ್ಟರಿ ಸ್ಟೋರ್ಸಲ್ಲಿ ನೀನು ಕೊಡಿಸಿದ ಕೆಲ್ಸಾನೂ ಬಿಟ್ಟೆ. ಇದೊಂದು ಮುಗಿಸಿದೀನಿ ಅಪ್ಪ. ಹುಟ್ಟಿದಾಗಿಂದ ಇದೊಂದೇ.

ಕನ್ನಡಕ ಯಾಕೆ ಹಾಕ್ಕೊಂಡೆ?

ಅದು ಗುಜರಿ ಅಂಗಡಿ ಫಾಯಿಲ್... ಬ್ಯಾಚ್ ನಂಬರ್ ಏನ್ ಓದ್ತೀಯ, ಎಲ್ಲಾ ಫಾಯಿಲ್ ಮೇಲೂ ಇರತ್ತೆ.

ಸರಿ. ಸರಿ, ನಮ್ ಫ್ಯಾಕ್ಟರೀದೇ. ಎಕ್ಸ್‌ಪೈರಿ ವರ್ಷ ತಪ್ಪಾಗಿ ಪ್ರಿಂಟ್ ಆಗಿತ್ತಲ್ಲ, ಆ ರೋಲ್‌ಗಳು. ಹೆಂಗಿದ್ರೂ ಮೆಷಿನ್‌ಗೆ ಹಾಕಿ ಚೂರು ಮಾಡೋದೇ ತಾನೆ? ನಾನೂ ಚೂರೇ ಮಾಡಿದೀನಿ, ಕತ್ತರೀಲಿ... ನಗು ಬರ್ಲಿಲ್ವಾ. ಗೊತ್ತು, ಹೊರಗೆ ಹೋದ್ರೆ ನಕಲಿ ಮಾತ್ರೆ ಪ್ಯಾಕ್ ಮಾಡೋರ ಕೈಗೆ ಸಿಗತ್ತೆ. ಸಿಕ್ಕಿಲ್ಲ ಅಲ್ವಾ? ಪೂರ್ತಿ ಈ ಹುಡುಗಿ ಮೈಮೇಲೇ ಇದೆ.

ಫೋನ್ ಒಳಗಿಡು. ಮೂರು ನಿಮಿಷ ಅಪ್ಪ. ಅವಳು ಹೋಗಿ ಬರೋದು ಮೂರೇ ನಿಮಿಷ. ಆಮೇಲೆ ಯಾರನ್ನ ಬೇಕಾದ್ರೂ ಕರಿ. ಕಾಲಿಗೆ ಬೀಳ್ತೀನಿ... ಇಲ್ಲೇ ಬೀಳ್ಲಾ, ಎಲ್ಲರ ಮುಂದೆ?

ಯಾರ ನಂಬರ್ ಹುಡುಕ್ತಿದೀಯ?

ಮಧುಕರ ಅಂಕಲ್ ವಿಷಯ ತಾನೆ? ಅವರು ಸ್ಟೋರ್‌ಕೀಪರ್, ಕೀ ಅವರ ಹತ್ರ ಇತ್ತು, ರೋಲ್ ಕಾಣೆ ಆಯ್ತು, ಮ್ಯಾನೇಜರ್ ನೀನು... ಕೆಲ್ಸದಿಂದ ತೆಗೆದ ಲೆಟರ್‌ಗೆ ಸೈನ್ ಹಾಕಿ, ವಿಮಾನ ಹತ್ತಿಸಿ ಊರಿಗೆ ಕಳಿಸ್ದೆ. ಸೈನ್ ನಿಂದು, ನಂದಲ್ಲ. ನನ್ನ ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲೇ ಇಲ್ಲ.

ಇಲ್ಲ... ಹಂಗ್ ನೋಡ್ಬೇಡ ಅಪ್ಪ. ಬೈ. ಹೊಡಿ.

ಕೀ ಅವರೇ ಕೊಟ್ಟಿದ್ದು. 'ಅಭಯ್, ಒಂದು ತುಂಡು ತಾನೆ, ತಗೋ, ಬೀಗ ಹಾಕ್ಬಿಡು' ಅಂದು ಊಟಕ್ಕೆ ಹೋದ್ರು. ನಾನು ಅಷ್ಟೂ ತಗೊಂಡೆ. ನೀನು ರೂಮಿಗೆ ಕರೆಸಿ ಅಷ್ಟು ಕೂಗಾಡಿದ್ರೂ ನನ್ನ ಹೆಸರು ಹೇಳ್ಲಿಲ್ಲ ಅವರು. ನಾನೇ ಬಂದು ನಿಂಗೆ ಹೇಳ್ತೀನಿ ಅಂತ ನಂಬಿದ್ರು... ಏರ್‌ಪೋರ್ಟಿಂದ ಫೋನ್ ಮಾಡಿದ್ರು. ಎರಡು ಸಲ. ಕೈಯಲ್ಲೇ ಇತ್ತು ಫೋನ್. ಅವರ ಹೆಸರು ಬರ್ತಾ ಇತ್ತು, ನೋಡ್ತಾ ಕೂತಿದ್ದೆ.

ಎತ್ತಿದ್ರೆ ನಿಂಗೆ ನಿಜ ಹೇಳ್ಬೇಕಾಗ್ತಿತ್ತಲ್ಲ ಅಪ್ಪ.