ಎಬ್ಬಿಸದೆ ಬಿಟ್ಟ ಗೊಂಬೆ

ಮಕ್ಕಳು ಮಲಗಿದವಾ? ಸರಿ, ಹಾಗಾದರೆ ಹೇಳುತ್ತೇನೆ. ಇದು ನನ್ನ ವಾರಗಿತ್ತಿ ಕೊರಿನ್‌ಗೆ ಆದದ್ದು. ಇದೇ ವಿನಿಪೆಗ್‌ನಲ್ಲಿ, ಹೋದ ಜನವರಿಯಲ್ಲಿ. ನಂಬದವರು ಎದ್ದು ಹೋಗಬಹುದು, ಬಾಗಿಲು ಅಲ್ಲಿದೆ.

ಅವಳ ಮಗಳು ಡೆಲ್ಲಾಗೆ ಆರು ವರ್ಷ. ಟಾನ್ಸಿಲ್ ತೆಗೆಸಬೇಕಿತ್ತು. ಬೆಳಗಿನ ಐದೂವರೆಗೇ ಬರಹೇಳಿದ್ದರು. ನನ್ನ ಮೈದುನನಿಗೆ ಆಸ್ಪತ್ರೆಯ ವಾಸನೆ ಆಗುವುದಿಲ್ಲವಂತೆ, ಮನೆಯಲ್ಲೇ ಮಲಗಿದ. ಗಂಡಸು!

ಕಾರು ನಿಲ್ಲಿಸಿ ತಾಯಿ ಮಗಳು ಕತ್ತಲಲ್ಲಿ ನಡೆದರು. ದಾರಿಯಲ್ಲೊಂದು ಮುದಿ ಎಲ್ಮ್ ಮರ. ಬೂಟಿನಡಿ ಹಿಮ ಕರಕ್... ಕರಕ್... ಮರದ ಕೆಳಗೆ ಇಬ್ಬರೂ ನಿಂತರು.

ಕರಕ್... ಇನ್ನೊಂದು ಸಲ.

"ಯಾರಮ್ಮಾ?"

"ಯಾರೂ ಇಲ್ಲ. ನಡಿ."

ಒಳಗೆ ಡೆಲ್ಲಾ ಮಂಚದ ಸರಳು ಬಿಡಲೊಲ್ಲಳು. "ಮುಖಕ್ಕೆ ಮಾಸ್ಕ್ ಇಟ್ರೆ ಡಾಕ್ಟರನ್ನ ಕಚ್ತೀನಿ."

"ಕಚ್ಚು. ಅವರಿಗೂ ಹಲ್ಲಿದೆ," ಅಂದಳು ಕೊರಿನ್.

ಮಕ್ಕಳ ಹೆದರಿಕೆ ಕಳೆಯಲೆಂದೇ ಅಲ್ಲಿ ಒಬ್ಬಳು ಇರುತ್ತಾಳೆ. ಬಟ್ಟೆ ಗೊಂಬೆಗೆ ಮೊದಲು ಮಾಸ್ಕ್ ಹಾಕಿಸಿ ಮಲಗಿಸುತ್ತಾಳೆ, ಆಮೇಲೆ ಮಗುವಿನ ಕೈಯಿಂದಲೇ ಎಬ್ಬಿಸುತ್ತಾಳೆ. ಎಬ್ಬಿಸದೆ ಆಟ ಮುಗಿಸುವ ಹಾಗಿಲ್ಲ. ನನ್ನ ಮಗನಿಗೂ ಆಡಿಸಿದ್ದರು, ನನಗೆ ಗೊತ್ತು.

ಒಬ್ಬಳು ಬಂದಳು. ಹೆಜ್ಜೆಯ ಸದ್ದಿಲ್ಲ. ಪರದೆಯ ಉಂಗುರಗಳು ಚಿಕ್ ಚಿಕ್ ಅಂದವು, ಅಷ್ಟೆ. ಗೊಂಬೆಯ ಮುಖಕ್ಕೆ ಮಾಸ್ಕ್ ಇಟ್ಟು ಪಿಸುಗುಟ್ಟಿದಳು.

"ಉಸಿರು ಎಳ್ಕೋ... ಬಿಡು... ನೋಡು, ಮಲಗ್ತು."

ಡೆಲ್ಲಾ ನಕ್ಕಳು. ಸರಳು ಹಿಡಿದ ಕೈ ಸಡಿಲಾಯಿತು. "ಈಗ ಎಬ್ಬಿಸೋಣ?"

"ಎಬ್ಬಿಸೋದು ನಂಗೆ ಬರಲ್ಲ, ಕಂದಾ."

ಅಷ್ಟು ಹೇಳಿ ಹೊರಟುಹೋದಳು. ಮಗು ನಗುತ್ತಲೇ ಆಪರೇಷನ್ನಿಗೆ ಹೋಯಿತು. ಅಳಲಿಲ್ಲವಲ್ಲ ಅಂತ ಕೊರಿನ್‌ಗೆ ಎಷ್ಟು ನಿರಾಳವಾಯಿತೆಂದರೆ, ಆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ಏದುಸಿರು ಬಿಡುತ್ತ ಓಡಿಬಂದಳು. "ತಪ್ಪು ತಿಳ್ಕೋಬೇಡಿ, ರಸ್ತೆ ತುಂಬಾ ಜಾರ್ತಿತ್ತು. ಗೊಂಬೆ ಆಟ ಆಡ್ಸೋಳು ನಾನೇ. ಡೆಲ್ಲಾ ಎಲ್ಲಿ?"

"ಆಡ್ಸಿ ಆಯ್ತಲ್ಲ!"

"ಯಾರು? ಈ ಕೆಲಸಕ್ಕೆ ಇರೋದು ನಾನೊಬ್ಳೇ."

ಅರ್ಧ ಗಂಟೆ ಅಂದಿದ್ದರು. ಎರಡು ಗಂಟೆಯಾಯಿತು. ನರ್ಸ್ ಬಂದು, "ಆಪರೇಷನ್ ಸರಿಯಾಗಿದೆ, ಪಕ್ಕದ ಕೋಣೇಲಿ ಮಲಗ್ಸಿದೀವಿ. ಎದ್ದಿಲ್ಲ... ಅಷ್ಟೆ," ಅಂದಳು.

ಕೊರಿನ್ ಮಂಚದ ಕಡೆ ನೋಡಿದಳು. ಗೊಂಬೆ ಮಾಸ್ಕ್ ಹಾಕಿಕೊಂಡೇ ಮಲಗಿತ್ತು.

ನರ್ಸ್ ಹಿಂದೆಯೇ ಬಂದಿದ್ದ ಗೊಂಬೆ ಆಟದ ಹುಡುಗಿಯೂ ನೋಡಿದಳು. "ಅವ್ಳು... ಎಬ್ಬಿಸ್ಲಿಲ್ವಾ?"

"ಇಲ್ಲ."

"ಎಬ್ಬಿಸಿ. ನೀವೇ ಎಬ್ಬಿಸಿ."

ಕೊರಿನ್ ಮಾಸ್ಕ್ ಎಳೆದಳು. ಬರಲಿಲ್ಲ. ಎರಡೂ ಕೈಯಿಂದ ಎಳೆದಳು. ಸ್ಸ್ಸ್... ಅಂತ ಉಸಿರು ಬಿಟ್ಟ ಹಾಗೆ ಸದ್ದಾಗಿ ಬಿಟ್ಟುಕೊಂಡಿತು. ಗೊಂಬೆಯ ಎದೆ ಮೇಲೆ ಕೈಯಿಟ್ಟು ಕರೆದಳು. "ಡೆಲ್ಲಾ... ಏಳೇ... ಅಮ್ಮ ಇಲ್ಲೇ ಇದೀನಿ, ಏಳು."

ಒಂದು ಸಲ. ಎರಡು ಸಲ. ಮೂರನೆಯ ಸಲಕ್ಕೆ ಗೋಡೆಯಾಚೆ ಒಂದು ಕೆಮ್ಮು. ಹಿಂದೆಯೇ ಒಡೆದ ದನಿ.

"ಅಮ್ಮಾ... ಐಸ್ ಕ್ಯಾಂಡಿ."

ನಗಬೇಡಿ. ಆ ದಿನ ಸಂಜೆ ನಾನೇ ಅವರ ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಿಚ್ಚುಗೂದಲಲ್ಲೇ ಹೋಗಿದ್ದ ಡೆಲ್ಲಾಳಿಗೆ ಯಾರೋ ನಾಲ್ಕೆಳೆ ಜಡೆ ಹೆಣೆದಿದ್ದರು. ಕೊರಿನ್‌ಗೆ ಮೂರೆಳೆಯೇ ಸರಿಯಾಗಿ ಬರುವುದಿಲ್ಲ. ನರ್ಸುಗಳನ್ನು ಕೇಳಿದರೆ, ಮಗುವಿನ ಕೂದಲನ್ನು ಯಾರೂ ಮುಟ್ಟಿಲ್ಲ ಅಂದರಂತೆ. ಬಿಚ್ಚಿದವಳು ನಾನು. ಎಷ್ಟು ಬಿಗಿ ಇತ್ತೆಂದರೆ, ನನ್ನ ಹೆಬ್ಬೆರಳಿನ ಉಗುರು ಮುರಿಯಿತು.