ತತ್ತಿಗೆ ಕಾವು ಕೊಟ್ಟ ಕಾರು

ಸವಣೂರು ಬಸ್ ನಿಲ್ದಾಣದಲ್ಲಿ ನಾನು ಯಲವಿಗಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಯುವತಿ ಕೋಳಿಮರಿ ಮೇವಿನ ಚೀಲ ಇಟ್ಟುಕೊಂಡು ಕುಳಿತಿದ್ದಳು. ವೀಳ್ಯದೆಲೆ ಬುಟ್ಟಿ ಹೊತ್ತು ಬಂದ ಹಿರಿಯ ಹೆಂಗಸೊಬ್ಬರು ಅವಳನ್ನು ಕಂಡು ನಕ್ಕರು.

"ಏನ ನಾಗರತ್ನಾ, ಕರೆಂಟಿನ ಕಾರ ಇದ್ದೂ ಬಸ್ಸಿಗೆ ಬಂದಿ? ಕೆಟ್ಟು ನಿಂತೈತೇನು?"

"ಇಲ್ಲರಿ ತಿಪ್ಪವ್ವಕ್ಕ, ಅದು ಮನ್ಯಾಗ ದುಡಿಯಾಕತ್ತೈತಿ."

"ಕಾರ ಮನ್ಯಾಗ ಏನ ದುಡೀತೈತಬೇ?"

"ಗಾಳಿಗೆ ಕಂಬ ಬಿದ್ದು ಎರಡು ದಿನದಿಂದ ಕರೆಂಟ್ ಇಲ್ರಿ. ಮರಿ ಮಾಡೋ ಮಷಿನ್ಯಾಗ ಇನ್ನೂರು ತತ್ತಿ ಅದಾವ. ಕಾವು ಆರಿದ್ರ ಎಲ್ಲಾ ಹಾಳಾಗ್ತಿದ್ವು. ಕಾರಿನ ಬ್ಯಾಟರಿಯಿಂದ ವಾಯರ್ ಎಳದು ಮಷಿನಿಗೆ ಕೊಟ್ಟೇನ್ರಿ. ಮನಿ ದೀಪಾನೂ ಅದರಿಂದನ ಉರಿಯಾಕತ್ತಾವ."

"ನಿಮ್ಮ ಮಾವ ಗೋಣೆಪ್ಪ ಸುಮ್ಮನ ಬಿಟ್ಟನ? ಸಪ್ಪಳ ಮಾಡದ ಗಾಡಿ ಹೆಣ ಇದ್ದಂಗ ಅಂತ ಊರೆಲ್ಲಾ ಹೇಳ್ಕೋತ ತಿರಗ್ತಿದ್ದ."

"ಈಗ ನನಗ ಕೀಲಿ ಕೊಡವಲ್ರು. ಮರಿ ಹೊರಗ ಬರೂತನಕ ಗಾಡಿ ಮುಟ್ಟಬ್ಯಾಡ, ಬಸ್ಸಿಗೆ ಹೋಗು ಅಂದ್ರು. ಕಾರಿನ ಬಾಜು ಹೊರಸು ಹಾಕ್ಕೊಂಡು ಕುಂತಾರ್ರಿ."

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಎತ್ತುವುದೇ ತಡ, ಮುದುಕರೊಬ್ಬರ ದನಿ ನಮಗೆಲ್ಲ ಕೇಳುವಷ್ಟು ಜೋರಾಗಿ ಬಂತು.

"ಯವ್ವಾ, ತತ್ತಿ ಒಡ್ಯಾಕತ್ತಾವು! ನಾಕು ಮರಿ ಹೊರಗ ಬಂದ್ವು! ಕೇಳ ಇಲ್ಲೆ!"

ಫೋನಿನೊಳಗಿಂದ ಚಿಂವ್ ಚಿಂವ್ ಸದ್ದು. ನಾಗರತ್ನಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಶಿಗ್ಗಾವಿ ಬಸ್ ಬಂತು. ಒಬ್ಬರು ಚೀಲ, ಒಬ್ಬರು ಬುಟ್ಟಿ ಎತ್ತಿಕೊಂಡರು. ಬಸ್ಸಿನ ಮೆಟ್ಟಿಲ ಮೇಲೆ ತಿಪ್ಪವ್ವ ಫೋನ್ ಕಸಿದುಕೊಂಡರು.

"ಏ ಗೋಣೆಪ್ಪಾ, ನಿನ್ನ ಹೆಣದ ಗಾಡಿ ಏನಂತೈತೋ?"

ಬಸ್ಸಿನ ಗದ್ದಲವನ್ನೂ ಮೀರಿ ಉತ್ತರ ಬಂತು:

"ಮರಿ ಹಾಕೈತಿ ತಿಪ್ಪವ್ವಾ, ಮರಿ ಹಾಕೈತಿ!"